ಹೂಂ ಅನ್ನದ ಅತ್ತೆ

ನಮ್ಮ ಅತ್ತೆಯ ಹಿಮ್ಮಡಿ ನೆಲ ಮುಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಎಲ್ಲೋ ಹಾಲು ಉಕ್ಕುತ್ತಿದೆ ಎನ್ನುವ ಹಾಗೆ ಮುಂಗಾಲಿನ ಮೇಲೆಯೇ ಓಡಾಡುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಸೆರಗು ಇಳಿಯುತ್ತಿದ್ದುದು ಮಲಗುವಾಗ ಮಾತ್ರ. ಮುಗದ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಲಗ್ನವಾಗಿ ಧಾರವಾಡದ ಮಾಳಮಡ್ಡಿಗೆ ಬಂದವರು. ಕುಳಿತು ಉಂಡದ್ದಕ್ಕಿಂತ ನಿಂತು ಉಂಡದ್ದೇ ಹೆಚ್ಚು.

ಆ ದಿನಗಳಲ್ಲಿ ನನಗೂ ನಿಂತಲ್ಲಿ ನೆಲೆ ಇರಲಿಲ್ಲ. ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ಎರಡನೆಯವಳು ಹುಟ್ಟುವಾಗ ನಾನು ನೋವಿನಲ್ಲಿ ಧೈರ್ಯಗೆಟ್ಟಿದ್ದೆ. ಆಗ ಒಬ್ಬ ನರ್ಸ್ ನನ್ನ ಮುಖದ ಹತ್ತಿರ ಮುಖ ತಂದು, “ನನ್ನ ಕಡೆ ನೋಡವಾ, ನನ್ನ ಜೋಡಿ ಉಸರು ತೊಗೊ” ಎಂದಿದ್ದಳು. ಮಗಳು ನಡೆಯಲು ಕಲಿತರೂ ಆ ದನಿ ನನ್ನನ್ನು ಬಿಡಲಿಲ್ಲ. ಹಲಗೆಯ ಮೇಲೆ ಅ ಆ ಬರೆಯುತ್ತಿದ್ದಾಗಲೇ, ನಾನಿರಬೇಕಾದ ಜಾಗ ಇದಲ್ಲ ಅನ್ನಿಸುತ್ತಿತ್ತು. ಹೆರಿಗೆ ಮಾಡಿಸುವುದನ್ನು ಕಲಿಸುವ ನರ್ಸಿಂಗ್ ಕೋರ್ಸಿಗೆ ವಯಸ್ಸಿನ ಮಿತಿ ಇತ್ತು. ನನಗೆ ಅದೇ ಕಡೆಯ ವರ್ಷ.

ಶಾಲೆ ಬಿಟ್ಟರೆ ನನ್ನ ಪಗಾರ ನಿಲ್ಲುತ್ತದೆ, ಮೇಲೆ ಫೀಸು. ಗಂಡ ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ದುಡಿದು ತಂದದ್ದು ಮನೆಗೇ ಸರಿಹೋಗುತ್ತಿತ್ತು. ಅವರು ಬೇಡ ಅನ್ನಲಿಲ್ಲ, “ಹ್ಯಾಂಗ?” ಎಂದಷ್ಟೇ ಕೇಳಿದರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆಯೇ ಅಂದರು:

“ಸಾಲಿ ಕಲಸೂದು ಬಿಟ್ಟು ಮಂದಿ ಬಾಣಂತನಾ ಮಾಡಾಕ ಹೊಂಟಾಳ. ನಾ ಅಂತೂ ಹೂಂ ಅನ್ನಾಂಗಿಲ್ಲ.”

ಆ ವಾರವೇ ಒಂದು ಸಂಜೆ ಶಾಲೆಯಿಂದ ಬಂದಾಗ ಅವರ ಟ್ರಂಕು, ಹಾಸಿಗೆ ಎಲ್ಲ ಅಡುಗೆಮನೆಯ ಮೂಲೆಗೆ ಬಂದಿದ್ದವು. ಬೀದಿಯ ಕಡೆ ಬಾಗಿಲಿದ್ದ ಖೋಲಿ ಅವರದು. ಆ ಮನೆಯಲ್ಲಿ ತಮ್ಮದು ಎನ್ನಲು ಅವರಿಗಿದ್ದ ಒಂದೇ ಜಾಗ. ಅದನ್ನು ಪರೀಕ್ಷೆಯ ಕೋಚಿಂಗಿಗೆಂದು ಧಾರವಾಡಕ್ಕೆ ಬಂದಿದ್ದ ಮೂವರು ಹುಡುಗಿಯರಿಗೆ ಊಟ ಸಹಿತ ಬಾಡಿಗೆ ಕೊಟ್ಟುಬಿಟ್ಟಿದ್ದರು.

“ಅತ್ತಿ, ಇದೇನ್ರಿ?”

“ನಿನ್ನ ಫೀಸಿಗಾತು. ಆದ್ರ ಹೂಂ ಅಂದೇನಿ ಅಂತ ತಿಳಕೋಬ್ಯಾಡ.”

ನಾನು ಕೋರ್ಸಿಗೆ ಸೇರಿದೆ, ಮನೆ ಸಂತೆಯಾಯಿತು. ನಸುಕಿನಲ್ಲೇ ಹುಡುಗಿಯರು ಗಟ್ಟಿಯಾಗಿ ಇತಿಹಾಸ ಓದುವರು, ಮಗ ಮಗ್ಗಿ ಒದರುವನು, ನಾನು ಒಲೆಯ ಪಕ್ಕ ನಿಂತು ಬಸುರಿಯರ ರಕ್ತದೊತ್ತಡದ ಪಾಠ ಓದುವೆ. “ಮನ್ಯಾಗ ಎಲ್ಲಾರೂ ಓದಾಕತ್ತಾರ. ಕುಕ್ಕರ್ ಒಂದು ಓದೂದು ಉಳದೈತಿ” ಎಂದು ಗೊಣಗುತ್ತ ಅತ್ತೆ ಎಲ್ಲರ ಡಬ್ಬಿ ತುಂಬುತ್ತಿದ್ದರು. ವಾರ್ಡಿನಲ್ಲಿದ್ದರೆ ನನ್ನ ಮನಸ್ಸು ಮನೆಯಲ್ಲಿ, ಮನೆಗೆ ಬಂದರೆ ವಾರ್ಡಿನಲ್ಲಿ. ಎಲ್ಲಿಯೂ ಪೂರ್ತಿ ಇರಲಾಗದೆ ಒದ್ದಾಡುತ್ತಿದ್ದೆ.

ಎರಡನೆಯ ವರ್ಷ ಸಣ್ಣವಳಿಗೆ ಜ್ವರ ಹಿಡಿಯಿತು. ಇಳಿದಂತಾಗಿ ಮತ್ತೆ ಏರುತ್ತಿತ್ತು. ನನಗೆ ಅಂದೇ ಪ್ರಾಯೋಗಿಕ ಪರೀಕ್ಷೆ. “ಸಾಕು ಬಿಡು. ಸಾಲಿಯವರು ತಿರುಗಿ ಬಾ ಅನ್ನಾಕತ್ತಾರ” ಎಂದರು ಗಂಡ. ನಾನೂ ಚೀಲ ಕೆಳಗಿಟ್ಟೆ.

ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ತಮ್ಮ ಮಗನಿಗೆ ಅಂದರು: “ಅಕಿ ಬಿಡತಾಳಂದ್ರ ನೀನೂ ವರ್ಕ್‌ಶಾಪ್ ಬಿಡು. ಇಬ್ಬರೂ ಕೂಸಿನ ಮಗ್ಗಲ ಕೂಡ್ರಿ.” ನನ್ನ ಕಡೆ ತಿರುಗಿ, “ಜ್ವರಾ ಬಂದದ್ದು ಕೂಸಿಗೆ, ನಿನಗಲ್ಲ. ಡಾಕ್ಟರ್ ಕಡೆ ನಾ ಒಯ್ತೇನಿ” ಎಂದರು.

“ನೀವಾ ಇದು ಬ್ಯಾಡ ಅಂದಿದ್ರಲ್ರಿ?”

“ಈಗೂ ಅಂತೇನಿ. ಬಸ್ಸು ಹೋಗತೈತಿ, ಲಗೂ ನಡಿ.”

ಪರೀಕ್ಷೆ ಮುಗಿಸಿ ಓಡಿ ಬಂದಾಗ ಮಗಳು ಖೋಲಿಯ ಹುಡುಗಿಯೊಬ್ಬಳ ತೊಡೆಯ ಮೇಲೆ ಗಂಜಿ ಕುಡಿಯುತ್ತಿದ್ದಳು.

ಕೆಲವು ತಿಂಗಳ ಮೇಲೆ, ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತಿರಲು, ನನ್ನ ಕೈಯಾರೆ ಮೊದಲ ಹೆರಿಗೆ ಮಾಡಿಸಿದೆ. ಮನೆಗೆ ಬಂದು ಹೇಳಿದಾಗ ಗಂಡ, ಮಗ, ಹುಡುಗಿಯರು ಎಲ್ಲರದೂ ಒಂದೇ ಪ್ರಶ್ನೆ: ಗಂಡೋ, ಹೆಣ್ಣೋ? ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆಯೆತ್ತಿದರು.

“ತಾಯಿ ಹ್ಯಾಂಗದಾಳ?”

“ಆರಾಮ ಅದಾಳ್ರಿ.”

ಸ್ವಲ್ಪ ಹೊತ್ತು ಅವರ ಕೈ ಆಡಲಿಲ್ಲ. “ನನಗ ನಾಕು ಹೆರಿಗಿ ಆದ್ವು. ಎಲ್ಲಾರೂ ಕೂಸಿನ್ನ ನೋಡಾಕ ಬಂದ್ರು. ನೀ ಹ್ಯಾಂಗದಿ ಅಂತ ಒಬ್ಬರೂ ಕೇಳ್ಲಿಲ್ಲ.” ಅಷ್ಟು ಹೇಳಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು.

ನನಗೆ ಕೆಲಸ ಸಿಕ್ಕ ಮೇಲೆ, ಖೋಲಿ ಬಿಡಿಸಿ ಕೊಡುತ್ತೇವೆಂದರೆ ಅತ್ತೆ ಒಪ್ಪಲಿಲ್ಲ. “ಹುಡುಗೇರು ಎಲ್ಲಿಗೆ ಹೋಗಬೇಕು?” ಎಂದರು. ಕಳೆದ ಚಳಿಗಾಲ ಎದೆನೋವೆಂದು ಅಡುಗೆಮನೆಯ ಮೂಲೆಯಲ್ಲೇ ಮಲಗಿದವರು ಏಳಲಿಲ್ಲ. ಆ ಖೋಲಿಯಲ್ಲಿ ಓದಿ ಹೋದ ಹುಡುಗಿಯರು ಎಲ್ಲೆಲ್ಲಿಂದಲೋ ಬಂದು ಅತ್ತರು.

ಈಗ ಹೆರಿಗೆ ಕೋಣೆಯ ಬಾಗಿಲು ತೆರೆದರೆ ಹೊರಗಿನವರು ನನ್ನನ್ನು ಮುತ್ತುತ್ತಾರೆ. “ಏನಾತ್ರಿ ಸಿಸ್ಟರ್, ಗಂಡೋ ಹೆಣ್ಣೋ?”

“ತಾಯಿ ಆರಾಮ ಅದಾಳ್ರಿ” ಅನ್ನುತ್ತೇನೆ. ಅವರು ಮತ್ತೆ ಅದನ್ನೇ ಕೇಳುತ್ತಾರೆ.

“ಮೊದಲ ಒಳಗ ಹೋಗಿ ಅಕಿನ್ನ ಮಾತಾಡಸ್ರಿ. ಕೂಸು ಎಲ್ಲೂ ಓಡಿ ಹೋಗಾಂಗಿಲ್ಲ.”