ಬಾಗಿಲು ಕಾಯುವ ಪಾಠ

ಗಡಿಯಾರದ ಪ್ರಕಾರ ಬೆಳಗಾಗಿದೆ, ಆಕಾಶ ಮಾತ್ರ ಒಪ್ಪುತ್ತಿಲ್ಲ. ಸ್ವೀಡನ್ನಿನ ಉತ್ತರದ ತುದಿಯಲ್ಲಿ ಜನವರಿಯ ಬೆಳಗು ಅಂದರೆ ಹೀಗೇ, ಸೂರ್ಯನಿಗೇ ಬರಲು ಮನಸ್ಸಿಲ್ಲ. ಶರ್ಫುನ್ನೀಸಾ ಬಾಡಿಗೆ ಕೋಣೆಯ ಮುಂದೆ ನಿಂತು ಕಾರಿನ ಗಾಜಿಗೆ ಕಟ್ಟಿದ ಮಂಜುಗಡ್ಡೆ ಕೆರೆಯುತ್ತಿದ್ದಾರೆ. ಮೊಣಕಾಲು ಮುಚ್ಚುವ ಕೋಟು, ಹೂವಿನ ಸ್ಕಾರ್ಫಿನ ಮೇಲೆ ಉಣ್ಣೆಯ ಟೋಪಿ. ಕೆರೆದು ಮುಗಿಸಿದ ಮೇಲೂ ಕಾರು ಹತ್ತುವುದಿಲ್ಲ. ಒಂದು ಸುತ್ತು ಬಂದು ನಾಲ್ಕೂ ಚಕ್ರಗಳನ್ನು ಒದ್ದು ನೋಡುತ್ತಾರೆ.

“ನಿನ್ನೆ ಸರಿ ಇತ್ತು ಅಂದ್ರ ಇವತ್ತೂ ಸರಿ ಇರ್ತದ ಅನ್ನೋ ಗ್ಯಾರಂಟಿ ಏನ್ರಿ?” ಎನ್ನುತ್ತಾರೆ, ಯಾರೋ ವಾದಕ್ಕೆ ಬಂದವರಂತೆ.

ಅನುಮಾನವೇ ಇವರ ಕಸುಬು. ಹಿಮಸಾರಂಗ ಸಾಕುವ ಸಾಮಿ ಜನ ಈ ನೆಲದ ಮೂಲನಿವಾಸಿಗಳು. ಅವರ ಪೈಕಿಯೇ ಟೀಚರ್ ಆಗಿರುವವರನ್ನು ಆರಿಸಿ, ಅವರವರ ಊರಿನ ಶಾಲೆಗೆ ಅವರನ್ನೇ ಮುಖ್ಯಸ್ಥರನ್ನಾಗಿ ತಯಾರು ಮಾಡುವ ಒಂದು ತರಬೇತಿಯನ್ನು ವಿಶ್ವವಿದ್ಯಾಲಯವೊಂದು ನಡೆಸುತ್ತಿದೆ. ಅದರಲ್ಲಿ ಪಾಠ ಹೇಳುವ ಪ್ರೊಫೆಸರರ ಫೋಟೋ ಅಲ್ಲಿನ ಗೋಡೆಯ ಮೇಲಿದೆ. ಪಾಠ ಮುಗಿದ ಮೇಲೆ ಹಳ್ಳಿ ಹಳ್ಳಿಗೆ ಕಾರು ಓಡಿಸಿಕೊಂಡು ಹೋಗಿ, ಒಬ್ಬೊಬ್ಬರ ಪಕ್ಕ ಕೂತು, ಪೋಷಕರ ಸಿಟ್ಟಿಗೆ ಏನು ಹೇಳಬೇಕು, ಅಧಿಕಾರಿಯ ನಗುವಿಗೆ ಹೇಗೆ ಹೆದರಬೇಕು ಎಂದು ಕಲಿಸುವ ಶರ್ಫುನ್ನೀಸಾರ ಫೋಟೋ ಎಲ್ಲೂ ಇಲ್ಲ. ಈಗ ಅವರ ಕೈಕೆಳಗೆ ಆರು ಮಂದಿ ಇದ್ದಾರೆ. ಒಬ್ಬರ ಊರಿಂದ ಇನ್ನೊಬ್ಬರ ಊರಿಗೆ ಹೋಗಲು ಅರ್ಧ ದಿನ ಬೇಕು.

ಇವತ್ತು ಹೊರಟಿರುವುದು ಮಾರೆತ್ ಎಂಬಾಕೆಯ ಶಾಲೆಗೆ. ಊರಿನ ಹೆಸರು ಇಲ್ಲಿಲ್ಲ, ಹಾಕಬಾರದೆಂದು ಊರಿನವರೇ ಹೇಳಿದ್ದಾರೆ. ಪೇಪರಿನಲ್ಲಿ ಹೆಸರು ಬಂದರೆ ಟೂರಿಸ್ಟು ಬರುತ್ತಾನೆ, ಅವನ ಬೆನ್ನಿಗೇ ಗಣಿಯವನು ಬರುತ್ತಾನೆ ಎಂಬುದು ಅವರ ಲೆಕ್ಕ. ಶರ್ಫುನ್ನೀಸಾಗೆ ಆ ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ.

ಸಿಂಧನೂರಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರು ಟೀಚರ್ ಆಗಿದ್ದರು. ಒಂದು ದಿನ ಮೇಲಿನಿಂದ ಅಧಿಕಾರಿಯೊಬ್ಬರು ಬಂದರು. ಬಿಸಿಯೂಟದ ಸಾರು ಬಡಿಸಿಕೊಂಡು, ಇಂಥ ಶಾಲೆ ತಾಲ್ಲೂಕಿನಲ್ಲೇ ಇಲ್ಲ ಎಂದು ಹೊಗಳಿದರು. ಟೀಚರುಗಳೆಲ್ಲ ಹಿಗ್ಗಿ ಹೀರೇಕಾಯಿಯಾದರು. ಮುಂದಿನ ತಿಂಗಳು ಮಕ್ಕಳು ಸಾಲದೆಂದು ಶಾಲೆಯನ್ನು ಪಕ್ಕದೂರಿಗೆ ಸೇರಿಸಲಾಯಿತು. ಪಕ್ಕದೂರಿಗೂ ಈ ಊರಿಗೂ ನಡುವೆ ಹಳ್ಳ. ಹೆಣ್ಣುಮಕ್ಕಳು ಹಳ್ಳ ದಾಟಲಿಲ್ಲ, ಮನೆಯಲ್ಲೇ ಉಳಿದರು.

“ಆ ಮನುಷ್ಯಾ ಎರಡನೇ ಸಲ ಸಾರು ಹಾಕಿಸ್ಕೊಂಡಾಗಲೇ ನಂಗ ಗೊತ್ತಾಗ್ಬೇಕಿತ್ತು” ಎನ್ನುತ್ತಾರೆ ಈಗಲೂ. ಆ ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಇರಾದೆಯೂ ಇಲ್ಲ.

ಗಂಡ ಅಜೀಜ್‌ಗೆ ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಪೇಟೆಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಾಗ ಇವರೂ ಬಂದರು. ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಕ್ಕಳ ಮೂಗು ಒರೆಸುತ್ತ ಸ್ವೀಡಿಷ್ ಕಲಿತರು. ಆಮೇಲೆ ಟೀಚರ್ ಆದರು, ಶಾಲೆಯೊಂದರ ಮುಖ್ಯಸ್ಥೆಯೂ ಆದರು. ಅದನ್ನು ಬಿಟ್ಟು ಈ ಅಲೆದಾಟಕ್ಕೆ ಯಾಕೆ ಬಂದಿರಿ ಎಂದರೆ, “ಇಲ್ಲೂ ಹಳ್ಳ ಅದಾವ್ರಿ, ಕಾಣಂಗಿಲ್ಲ ಅಷ್ಟ” ಎನ್ನುತ್ತಾರೆ. ಮನೆಯಲ್ಲಿ ದಖನಿ ಉರ್ದು, ಗಂಡನ ಜೊತೆ ಜಗಳಕ್ಕೆ ಕನ್ನಡ. ಮಗಳು ಸಬ್ರೀನ್ ಎರಡಕ್ಕೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಾಳೆ.

ಅವರ ತರಬೇತಿಯ ಮೊದಲ ಪಾಠ ಬಾಗಿಲಿನದು. ಒಂದು ಕಾಲದಲ್ಲಿ, ಸಾಮಿ ಜನ ಕೀಳು ಜನಾಂಗವೆಂದು ಸಾಧಿಸುವ ಹಟದಲ್ಲಿ, ಅವರ ಮಕ್ಕಳ ತಲೆ ಅಳೆಯಲು, ಅವರನ್ನು ನಿಲ್ಲಿಸಿ ಫೋಟೋ ತೆಗೆಯಲು ಬಂದ ದೊಡ್ಡ ಮನುಷ್ಯರು ಶಾಲೆಯ ಬಾಗಿಲಿನಿಂದಲೇ ಒಳಗೆ ಬಂದಿದ್ದರು. ಬಾಗಿಲು ತೆರೆದವರು ಅಂದಿನ ಮೇಷ್ಟರುಗಳು. ಅದಕ್ಕೇ ಶರ್ಫುನ್ನೀಸಾ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: “ಹೇಳದೆ ಬಂದವರನ್ನು ಒಳಗೆ ಬಿಡಬೇಡ. ಕೊಮ್ಯೂನಿನವರಾಗಲಿ, ನಾನೇ ಆಗಲಿ.” ಕೊಮ್ಯೂನ್ ಎಂದರೆ ನಮ್ಮ ನಗರಸಭೆಯಂಥದ್ದು, ಶಾಲೆಗಳ ಜುಟ್ಟು ಅದರ ಕೈಯಲ್ಲಿದೆ. ಹೀಗೆ ಹೇಳಿ, ಆಮೇಲೆ ಬೇಕಂತಲೇ ಹೇಳದೆ ಹೋಗುತ್ತಾರೆ. ಇದುವರೆಗೆ ಯಾರೂ ಅವರನ್ನು ತಡೆದಿಲ್ಲ. ಎಲ್ಲರೂ ಬಾ ಬಾ ಎಂದು ಕಾಫಿ ಬಗ್ಗಿಸುತ್ತಾರೆ. “ಎತ್ತು ಈಯ್ತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ!” ಎಂದು ಕಾಫಿ ಕುಡಿಯುತ್ತಲೇ ಬೈಯುತ್ತಾರೆ.

ಮಾರೆತ್‌ಳ ಶಾಲೆಗೆ ಮೂರು ಚಳಿಗಾಲದಲ್ಲಿ ನಾಲ್ಕು ಮುಖ್ಯಸ್ಥರು ಬಂದು ಹೋಗಿದ್ದರು, ಎಲ್ಲರೂ ದಕ್ಷಿಣದವರು. ಇನ್ನು ಯಾರೂ ಸಿಗದಿದ್ದರೆ ದೂರದ ಪೇಟೆಯ ಶಾಲೆಗೆ ಇದನ್ನು ಸೇರಿಸುವ ಮಾತು ನಡೆದಿತ್ತು. ಇಪ್ಪತ್ತು ಚಿಲ್ಲರೆ ಮಕ್ಕಳು ಕತ್ತಲಲ್ಲಿ ಬಸ್ಸು ಹತ್ತಬೇಕು, ಸಾಮಿ ಭಾಷೆಯ ಪಾಠ ನಿಲ್ಲಬೇಕು. ಇದು ತಪ್ಪಬೇಕಾದರೆ ಮಾರೆತ್ ಆ ಕುರ್ಚಿಯಲ್ಲಿ ಕೂರಬೇಕಿತ್ತು, ಅವಳು ಕೂರಲು ಊರು ಒಪ್ಪಬೇಕಿತ್ತು. ಊರಿಗೋ ಅನುಮಾನ. ಕುರ್ಚಿ ಸಿಕ್ಕ ಮೇಲೆ ನಮ್ಮ ಹುಡುಗಿ ಕೊಮ್ಯೂನಿನ ಹುಡುಗಿಯಾದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ?

ಕಳೆದ ಶರತ್ಕಾಲದಲ್ಲಿ ಹುದ್ದೆಯ ಸಂದರ್ಶನಕ್ಕೆ ವಾರವಿದ್ದಾಗ ಶರ್ಫುನ್ನೀಸಾ ಅಭ್ಯಾಸಕ್ಕೆಂದು ತಮ್ಮ ಎಂದಿನ ನಾಟಕ ಶುರು ಮಾಡಿದರು. ಶಾಲೆಯ ಊಟದ ಕೋಣೆಯಲ್ಲಿ ತಾವು ಕೊಮ್ಯೂನ್ ಅಧಿಕಾರಿಯಾಗಿ ಕೂತು, ಮಾರೆತ್‌ಳನ್ನು ಎದುರಿಗೆ ಕೂರಿಸಿಕೊಂಡು ಮೇಜು ಗುದ್ದಿದರು: “ಇಷ್ಟೇ ಮಕ್ಕಳಿಗೆ ಒಂದು ಶಾಲೆ, ಒಂದು ಅಡುಗೆಮನೆ! ಮುಚ್ಚಿಬಿಡೋಣ. ನೀನು ಸುಮ್ಮನಿರು, ಪೇಟೆಯಲ್ಲಿ ದೊಡ್ಡ ಹುದ್ದೆ ಕೊಡ್ತೀವಿ!” ಮಾರೆತ್ ಉತ್ತರಕ್ಕೆ ಯೋಚಿಸುತ್ತ ಸುಮ್ಮನೇ ಕೂತಳು. ಗೋಡೆಯಾಚೆಯ ಅಡುಗೆಮನೆಯಲ್ಲಿ ಅವಳ ಅತ್ತೆ ಇಂಗಾ ಸೌಟು ಹಿಡಿದು ನಿಂತಿದ್ದಳು. ಅಪ್ಪನ ಅಕ್ಕ, ಶಾಲೆಯ ಅಡುಗೆಯವಳು, ಊರಿಗೆಲ್ಲ ಹಿರಿಯಳು. ಗುದ್ದನ್ನೂ ಕೇಳಿದಳು, ಸೊಸೆಯ ಮೌನವನ್ನೂ ಕೇಳಿದಳು.

ಸಿಂಧನೂರಿನಲ್ಲಿ ಗಟ್ಟಿ ದನಿಯೆಂದರೆ ಬರೀ ಮಾತು. ಈ ಊರಿನಲ್ಲಿ ಯಾರೂ ದನಿ ಏರಿಸುವುದಿಲ್ಲ, ಏರಿಸಿದರೆ ಅದು ನಿಜವೇ ಇರಬೇಕು. ಇಷ್ಟು ವರ್ಷ ಇಲ್ಲಿದ್ದೂ ಶರ್ಫುನ್ನೀಸಾಗೆ ಅದು ಹೊಳೆದಿರಲಿಲ್ಲ. ಮಾರನೆಯ ದಿನ ಒಂದು ಮಗುವೂ ಶಾಲೆಗೆ ಬರಲಿಲ್ಲ. ಅಂಗಡಿಯವನು ಇವರ ಮುಖ ನೋಡದೆ ಬ್ರೆಡ್ಡು ಕೊಟ್ಟ. ಹೊರಗಿನವಳು ಶಾಲೆ ಮುಚ್ಚಲು ಬಂದಿದ್ದಾಳೆ, ಮಾರೆತ್ ಒಳಗೊಳಗೇ ಒಪ್ಪಿದ್ದಾಳೆ ಎಂದು ಊರು ತೀರ್ಮಾನಿಸಿಯಾಗಿತ್ತು.

“ಅರ್ಜಿ ವಾಪಸ್ ತಗೋತೀನಿ” ಎಂದಳು ಮಾರೆತ್. “ನನ್ನ ಅತ್ತೆಯೇ ನನ್ನನ್ನು ನಂಬದ ಮೇಲೆ ಯಾವ ಕುರ್ಚಿ?”

ಶರ್ಫುನ್ನೀಸಾರ ಅನುಮಾನ ತಟ್ಟನೆ ಅವಳ ಕಡೆಗೇ ತಿರುಗಿತು. ಜಾರಿಕೊಳ್ಳಲು ಇವಳಿಗೆ ನೆಪ ಬೇಕಿತ್ತೇ? “ಅದು ನಾಟಕ ಅಂತ ಅತ್ತೆಗೆ ಹೇಳಿದೆಯೋ ಇಲ್ಲವೋ?” ಎಂದು ಕೇಳಿಯೇಬಿಟ್ಟರು.

“ಹೇಳಿದೆ. ಹಿಂದೆ ತಲೆ ಅಳೆಯಲು ಬಂದವರೂ ‘ನಿಮ್ಮ ಒಳ್ಳೆಯದಕ್ಕೇ’ ಅಂತಲೇ ಹೇಳಿದ್ದರಂತೆ.”

ಆ ಸಂಜೆ ಶರ್ಫುನ್ನೀಸಾ ಗಂಡನಿಗೆ ಫೋನು ಮಾಡಿ ಅತ್ತರು. ಸುಮ್ಮನೆ ಒಂದು ಕ್ಷಮಾಪಣೆ ಬರೆದುಕೊಟ್ಟು ರೈಲು ಹತ್ತು ಎಂದರು ಅಜೀಜ್. “ಬರೆದುಕೊಟ್ರ ಇನ್ನೂ ಅನುಮಾನ ಪಡ್ತಾರ. ನಾನಾದ್ರೂ ಪಡ್ತಿದ್ದೆ!” ಎಂದು ರೇಗಿ, ಮೂಗು ಒರೆಸಿಕೊಂಡು, ಮಲಗಿದರು. ಬೆಳಗ್ಗೆ ಎದ್ದವರೇ ಇಂಗಾಳ ಮನೆಯ ಬಾಗಿಲು ತಟ್ಟಿದರು. ಅವಳು ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆಯಿಂದಲೇ ಹೇಳಿದರು: “ಇವತ್ತು ಊರಿನವರೆಲ್ಲ ಶಾಲೆಗೆ ಬನ್ನಿ. ಮೊನ್ನೆ ನಾನು ಕೂತ ಕುರ್ಚಿಯಲ್ಲಿ ನೀನು ಕೂರು. ನಿನಗೆ ಏನು ಅನುಮಾನವಿದೆಯೋ ಮಾರೆತ್‌ಳನ್ನೇ ಕೇಳು. ನಾನು ತುಟಿ ಬಿಚ್ಚೋದಿಲ್ಲ.”

ಇಂಗಾ ಬಂದಳು, ಊರೂ ಬಂತು. ಕುರ್ಚಿಯ ತುದಿಯಲ್ಲಿ ಕೂತಳು. ಮೇಜು ಗುದ್ದಲಿಲ್ಲ. ಹಿಂದಿನ ಸಾಲಿನವರು ಮುಂದಕ್ಕೆ ಬಾಗಬೇಕಾದಷ್ಟು ತಗ್ಗಿದ ದನಿಯಲ್ಲಿ ಕೇಳಿದಳು: “ಹಿಮಸಾರಂಗದ ಹಿಂಡು ಬೇರ್ಪಡಿಸುವ ವಾರ ನಿನ್ನ ಅಣ್ಣನ ಮಕ್ಕಳು ದೊಡ್ಡಿಯಲ್ಲಿರಬೇಕು. ರಜೆ ಕೊಡ್ತೀಯಾ? ಕೊಟ್ಟರೆ ಕೊಮ್ಯೂನ್ ನಿನ್ನನ್ನು ನಂಬಲ್ಲ. ಕೊಡದಿದ್ದರೆ ನಾವು ನಂಬಲ್ಲ.”

ಅಬ್ಬಾ, ಇಂಥ ಪ್ರಶ್ನೆ ತಮ್ಮ ನಾಟಕದಲ್ಲಿ ಒಂದು ದಿನವೂ ಬಂದಿರಲಿಲ್ಲವಲ್ಲ ಎಂದುಕೊಂಡರು ಶರ್ಫುನ್ನೀಸಾ. ಬಾಯಿ ತೆರೆಯಬಾರದೆಂದು ತುಟಿ ಕಚ್ಚಿಕೊಂಡರು.

“ರಜೆ ಕೊಡಲ್ಲ” ಎಂದಳು ಮಾರೆತ್. ಕೋಣೆಯಲ್ಲಿ ಕುರ್ಚಿಗಳು ಸರಿದವು, ಯಾರೋ ಎದ್ದೇ ನಿಂತರು. “ಶಾಲೆಯನ್ನೇ ದೊಡ್ಡಿಗೆ ತರ್ತೀನಿ. ಟೀಚರ್ ಅಲ್ಲಿರ್ತಾರೆ, ಪಾಠ ಅಲ್ಲೇ ನಡೆಯುತ್ತೆ, ಹಾಜರಿ ಅಲ್ಲೇ ಹಾಕ್ತೀನಿ. ನನ್ನ ಅಣ್ಣನ ಮಕ್ಕಳಿಗೆ ಮಾತ್ರ ಅಲ್ಲ, ಎಲ್ಲ ಮಕ್ಕಳಿಗೂ. ಕೊಮ್ಯೂನ್ ಕೇಳಿದರೆ, ನೀವೂ ಬಂದು ನೋಡಿ ಅಂತೀನಿ. ಆದರೆ ಹೇಳಿ ಬನ್ನಿ ಅಂತೀನಿ.”

ಎದ್ದು ನಿಂತವರು ಕೂತರು. ಇಂಗಾ ಅಡುಗೆಮನೆಗೆ ಹೋಗಿ ಕಾಫಿಯ ಕೆಟಲ್ ತಂದಳು. ಎಲ್ಲರಿಗೂ ಬಗ್ಗಿಸಿ, ಕೊನೆಗೆ ಶರ್ಫುನ್ನೀಸಾರಿಗೂ ಬಗ್ಗಿಸಿದಳು, ಅರ್ಧ ಲೋಟ ಮಾತ್ರ. “ಉಳಿದರ್ಧ ಆಮೇಲೆ ನೋಡೋಣ” ಎಂದಳು. ಮುಂದಿನ ವಾರ ಸಂದರ್ಶನದಲ್ಲಿ ಅಧಿಕಾರಿಗಳೂ ರಜೆಯದನ್ನೇ ಕೇಳಿದರು. ಹೊಸ ವರ್ಷಕ್ಕೆ ಮಾರೆತ್ ಕುರ್ಚಿ ಹತ್ತಿದಳು.

ಅಲ್ಲಿಂದೀಚೆಗೆ ಶರ್ಫುನ್ನೀಸಾ ಅಲ್ಲಿಗೆ ಹೋಗುತ್ತಿರುವುದು ಇದೇ ಮೊದಲು. ಹೇಳಿಲ್ಲ, ಕೇಳಿಲ್ಲ. ದಾರಿಯುದ್ದಕ್ಕೂ ಗೊಣಗುತ್ತಾರೆ: “ಕಾಫಿ ರೆಡಿ ಇಟ್ಟಿರ್ತಾಳ ನೋಡ್ರಿ. ಓಡಿ ಬಂದು ಅಪ್ಪಿಕೊಳ್ತಾಳ. ಕಲಿಸಿದ್ದೆಲ್ಲ ಗುಡ್ಡಕ್ಕ ಕಲ್ಲು ಹೊತ್ತಂಗ.” ಶಾಲೆಯ ಮುಂದೆ ಕಾರು ನಿಲ್ಲಿಸಿ ಗಂಟೆ ಒತ್ತುತ್ತಾರೆ. ಗಾಜಿನ ಹಿಂದೆ ಮಾರೆತ್‌ಳ ಮುಖ ಅರಳುತ್ತದೆ. ಕೈ ಚಿಲಕಕ್ಕೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತದೆ.

“ಇವತ್ತು ಬರ್ತೀನಿ ಅಂತ ಹೇಳಿದ್ದೆಯಾ?”

“ಇಲ್ಲ.”

“ಮಕ್ಕಳು ಪಾಠದಲ್ಲಿದ್ದಾರೆ. ಮುಗಿದ ಮೇಲೆ ಕರೀತೀನಿ. ಅಲ್ಲಿವರೆಗೆ ಕಾರಿನಲ್ಲಿ ಕೂತಿರು.”

ಬಾಗಿಲು ಮುಚ್ಚುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ಇಂಗಾ ಕಾಣಿಸಿಕೊಂಡು, ಕೆಟಲ್ ಎತ್ತಿ ತೋರಿಸಿ, ಮತ್ತೆ ಒಲೆಯ ಮೇಲಿಡುತ್ತಾಳೆ. ಶರ್ಫುನ್ನೀಸಾ ಕಾರಿನಲ್ಲಿ ಕೂರುವುದಿಲ್ಲ. ಹಿಮದಲ್ಲಿ ಕಾಲು ಬಡಿಯುತ್ತ ಬಾಗಿಲಲ್ಲೇ ನಿಲ್ಲುತ್ತಾರೆ, ಕಣ್ಣಲ್ಲಿ ನೀರು. ಫೋನು ಬಡಿದುಕೊಳ್ಳುತ್ತದೆ. ಅಜೀಜ್, ತಲುಪಿದೆಯಾ ಎಂದು ಕೇಳಲು.

“ತಲುಪೀನಿ. ಒಳಗ ಬಿಡವಲ್ಲರು!”

“ಯಾರು?” ಗಂಡನ ದನಿಯಲ್ಲಿ ಗಾಬರಿ.

“ಇನ್ಯಾರು, ಇಲ್ಲಿನ ಹೆಡ್‌ಮೇಡಂ” ಎನ್ನುತ್ತಾರೆ ಶರ್ಫುನ್ನೀಸಾ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.