ಲೈನಿನಲ್ಲಿ ಇದ್ದೀರಾ?

ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಮಹಾಲಕ್ಷ್ಮೀ ಆಪರೇಟರಾಗಿ ಸೇರಿದ್ದು ಎಪ್ಪತ್ತರ ದಶಕದ ಮೊದಲಿಗೆ. ಟೊಂಕ ಎಂಬ ಕೇರಿಯ ಮೀನುಗಾರ ಈರನ ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿ, ಕಿವಿಗೆ ಕರಿ ಹೆಡ್‌ಸೆಟ್ ಏರಿಸಿಕೊಂಡು ಸರಕಾರಿ ಕುರ್ಚಿಯ ಮೇಲೆ ಕೂತಿದ್ದಾಳೆ ಎಂಬುದು ಕೇರಿಗೆಲ್ಲ ದೊಡ್ಡ ಸುದ್ದಿ. ತಾಯಿ ತಿಮ್ಮಕ್ಕನಿಗೆ ಮಾತ್ರ ಒಂದು ಅಳುಕು.

"ಯಾರ್ಯಾರದೋ ಮನೆ ಮಾತು ನಿನ್ನ ಕಿವಿಗೆ ಬೀಳ್ತದಲ್ಲೇ?"

"ಮಾತು ಕೇಳೂಕೆ ಎಲ್ಲಿ ಪುರಸೊತ್ತವ್ವಾ? ಅವ್ರು ಮಾತಾಡುದು ನಿಲ್ಸಿದ್ರೋ ಇಲ್ವೋ ಅಂತ ನೋಡುದೇ ಕೆಲ್ಸ" ಎಂದಳು ಮಹಾಲಕ್ಷ್ಮೀ.

ಅದು ನಿಜವೂ ಆಗಿತ್ತು. ಊರಿಂದೂರಿಗೆ ಹೋಗುವ ಟ್ರಂಕ್ ಲೈನುಗಳು ಬೆರಳೆಣಿಕೆಯಷ್ಟು, ಕಾಯುವವರು ಊರು ತುಂಬ. ಒಂದು ಲೈನಿನಲ್ಲಿ ದನಿ ನಿಂತಿತೆಂದರೆ ಕಾರ್ಡು, ಅಂದರೆ ಬೋರ್ಡಿನಲ್ಲಿ ಎರಡು ಲೈನು ಜೋಡಿಸುವ ವಯರು, ಎಳೆದು ಮುಂದಿನವರಿಗೆ ಕೊಡಬೇಕು. ಆದರೆ ದನಿ ನಿಂತದ್ದು ಮಾತು ಮುಗಿದದ್ದಕ್ಕೋ, ಮಾತು ಹುಡುಕುತ್ತಿರುವುದಕ್ಕೋ? ಸುಮ್ಮನಿರುವ ತಂತಿಯ ಆ ತುದಿಯಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಉಳಿದ ಆಪರೇಟರುಗಳು ಅಂದಾಜಿನ ಮೇಲೆ ಕಾರ್ಡು ಎಳೆದು ಮುಂದೆ ಹೋಗುತ್ತಿದ್ದರು. ಮಹಾಲಕ್ಷ್ಮಿಗೆ ಮಾತ್ರ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕಾಡಿತು.

ಇನ್ನೊಂದು ವಿಚಿತ್ರವನ್ನು ಅವಳು ಗಮನಿಸಿದಳು. ಅದೇ ಮೌನವನ್ನು ಒಂದೊಂದು ಊರು ಒಂದೊಂದು ರೀತಿ ತಾಳಿಕೊಳ್ಳುತ್ತಿತ್ತು. ಕುಮಟೆಯ ಕಡೆ ಲೈನು ಬಹಳ ಹೊತ್ತು ಸುಮ್ಮನಿದ್ದರೂ ಇರುತ್ತಿತ್ತು. ಭಟ್ಕಳದ ಕಡೆ ಬೇಗ ಹೋಗುತ್ತಿತ್ತು. ಹುಬ್ಬಳ್ಳಿಯ ಕಡೆಯದಂತೂ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಾಯ. ಲೈನ್‌ಮನ್ ವಿಘ್ನೇಶ್ವರನನ್ನು ಕೇಳಿದರೆ, "ಕಂಬ ಹತ್ತುದು ನನ್ನ ಕೆಲ್ಸ ತಂಗಿ, ಬೋರ್ಡಿನ ಸ್ವಭಾವ ಬೋರ್ಡಿನ ಮುಂದೆ ಕೂತವ್ರನ್ನೇ ಕೇಳು" ಎಂದ.

ಸರಿ, ಕೇಳಿಯೇ ಬಿಡೋಣವೆಂದು ರಜೆಯ ದಿನ ಅವಳು ಕುಮಟೆಯ ಬಸ್ಸು ಹತ್ತಿದಳು. ದಿನವೂ ತಂತಿಯಲ್ಲಿ ಮಾತಾಡುತ್ತಿದ್ದ ದುರ್ಗಕ್ಕನನ್ನು ಮೊದಲ ಸಲ ಕಣ್ಣಾರೆ ಕಂಡಳು. ದನಿ ಕೇಳಿ ದಪ್ಪನೆಯ ಹೆಂಗಸೆಂದುಕೊಂಡಿದ್ದರೆ, ಕಡ್ಡಿಯಂಥ ಆಳು! ದುರ್ಗಕ್ಕ ಬಂದ ಕಾರಣ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ತನ್ನ ಬೋರ್ಡು ತೋರಿಸಿದಳು. ಅಲ್ಲಿ ಊರಿನವರು ರಿಸೀವರ್ ಕೆಳಗಿಟ್ಟ ಕೂಡಲೇ ಪುಟ್ಟ ದೀಪವೊಂದು ಹೊತ್ತಿಕೊಳ್ಳುತ್ತಿತ್ತು.

"ದೀಪ ಹತ್ತದೇ ನಾನು ಕಾರ್ಡು ಮುಟ್ಟುದಿಲ್ಲ" ಎಂದಳು ದುರ್ಗಕ್ಕ. "ಹಾಂಗಾಗಿ ನಂಗೆ ತಾಳ್ಮೆ ಇದೆ ಅಂತ ನಿಂಗೆ ಅನ್ನಿಸ್ತದೆ. ತಾಳ್ಮೆ ನಂದಲ್ಲ ಮಾರಾಯ್ತಿ, ದೀಪದ್ದು!"

ಮತ್ತೊಂದು ರಜೆಗೆ ಭಟ್ಕಳ. ಅಲ್ಲಿಯ ನಾಗಪತಿಯಣ್ಣನದು ಹಳೆಯ ಬೋರ್ಡು. ದೀಪವಿಲ್ಲ. ಮಾತು ಮುಗಿಸಿದವರು ಫೋನಿನ ಹಿಡಿಕೆ ತಿರುಗಿಸಿದರೆ ಬೋರ್ಡಿನ ಮೇಲೊಂದು ತಗಡಿನ ರೆಪ್ಪೆ ಟಪ್ಪೆಂದು ಕೆಳಗೆ ಬೀಳಬೇಕು.

"ತಿರುಗ್ಸುವವ್ರು ಯಾರು ಹೇಳು?" ಎಂದ ನಾಗಪತಿ. "ಮಾತು ಮುಗೀತು, ಎದ್ದು ಹೋದ್ರು. ನಾನು ಕಿವಿ ಕೊಡ್ತೆ. ದನಿ ಇಲ್ಲ ಅಂದ್ರೆ ಆತು ಅಂತ ಲೆಕ್ಕ."

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಅಪ್ಪನ ದೋಣಿ ನೆನಪಾಯಿತು. ಮಂಜು ಕವಿದ ಬೆಳಗಿನಲ್ಲಿ ಒಂದು ದೋಣಿಯವರಿಗೆ ಇನ್ನೊಂದು ಕಾಣಿಸುವುದಿಲ್ಲ. ಆಗ ಈರ ಆಗಾಗ "ಹೋ" ಎಂದು ಕೂಗುತ್ತಿದ್ದ. ಆಚೆಯಿಂದ "ಹೋ" ಬರುತ್ತಿತ್ತು. ಅದರಲ್ಲಿ ಹೇಳುವ ಕೇಳುವ ವಿಷಯ ಎಂತದೂ ಇಲ್ಲ. ನಾನಿದ್ದೇನೆ, ನೀನಿದ್ದೀಯಾ, ಅಷ್ಟೇ.

ಮರುದಿನವೇ ನಾಗಪತಿಯ ಸಂಗಡ ಒಪ್ಪಂದವಾಯಿತು. ಸುಮ್ಮನಿದ್ದರೂ ಉಳಿಸಬೇಕಾದ ಲೈನಾದರೆ ಮಹಾಲಕ್ಷ್ಮೀ ಒಂದು ಚಿಕ್ಕ ರಿಂಗು ಕೊಡಬೇಕು, ಅವನೂ ಒಂದು ಚಿಕ್ಕ ರಿಂಗು ತಿರುಗಿ ಕೊಡಬೇಕು. ದುರ್ಗಕ್ಕನಿಗೆ ಅದರ ಅಗತ್ಯವಿಲ್ಲ, ದೀಪ ಸಾಕು. ಹುಬ್ಬಳ್ಳಿಯವರಿಗೆ ರಿಂಗು ಕೊಟ್ಟರೆ ಬೈಗುಳ, ಅವರಿಗೆ ಬಾಯಿಮಾತೇ ಆಗಬೇಕು. ಯಾರಿಗೆ ಎಂತ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಅವಳು ತಪ್ಪಿ, ಬೈಸಿಕೊಂಡು, ಮತ್ತೆ ಮಾಡಿ ಕಲಿತಳು.

ಹೀಗೆ ಕೆಲವು ವರ್ಷ ಕಳೆದವು. ಒಂದು ಸಲ ಚೌತಿ ಹಬ್ಬ ಮುಗಿದ ವಾರ ಸಮುದ್ರದಲ್ಲಿ ತುಫಾನು ಎದ್ದಿತು. ಭಟ್ಕಳದ ಪಕ್ಕದ ಜಾಲಿಯಿಂದ ಮೀನಿಗೆ ಹೋದ ಶನಿಯಾರ ಮತ್ತು ಅವನ ತಮ್ಮ ಸೋಮ ತಿರುಗಿ ಬರಲಿಲ್ಲ. ಶನಿಯಾರನ ಹೆಂಡತಿ ಕಮಲಿ ದಡ ಬಿಟ್ಟು ಏಳಲಿಲ್ಲವಂತೆ. ನಡುವೆ ಯಾರೋ ಬಂದು ಮಲ್ಪೆಯಲ್ಲಿ ಕಂಡೆವು ಎಂದರು, ಸುಳ್ಳಾಯಿತು. ಇನ್ಯಾರೋ ಕಾರವಾರ ಎಂದರು, ಅದೂ ಸುಳ್ಳು. ಆಮೇಲೆ ಅವಳು ಸುದ್ದಿ ತಂದವರ ಮುಖವನ್ನೇ ನೋಡುವುದು ಬಿಟ್ಟಳು. "ಅವ್ರ ದನಿ ಕೇಳ್ದೆ ನಾ ಯಾರ ಮಾತೂ ನಂಬುದಿಲ್ಲ" ಎಂದಳಂತೆ.

ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಕರೆ ಬಂತು. "ರತ್ನಾಗಿರಿ ಲೈನ್ ಐತ್ರೀ. ಭಟ್ಕಳಕ್ಕ, ಜಾಲಿ ಐಸ್ ಫ್ಯಾಕ್ಟರಿಗೆ. ಕಮಲಿ ಅನ್ನೋರ ಹೆಸರಿಗೆ ಪಿ.ಪಿ. ಕಾಲ್."

ಪಿ.ಪಿ. ಎಂದರೆ ಹೆಸರು ಹೇಳಿದವರೇ ಬಂದು ಮಾತಾಡಬೇಕು. ಕಮಲಿಯ ಹೆಸರು ಕೇಳಿದ್ದೇ ಮಹಾಲಕ್ಷ್ಮೀ ಭಟ್ಕಳಕ್ಕೆ ಕಾರ್ಡು ಚುಚ್ಚಿದಳು. ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರು ರಮಾನಂದ ಫೋನೆತ್ತಿದ. ವಿಷಯ ತಿಳಿಯುತ್ತಲೇ, "ಅಯ್ಯೋ ದೇವ್ರೇ! ಅವ್ಳು ದಡದಲ್ಲಿದ್ದಾಳೆ. ಸೈಕಲ್ ಮೇಲೆ ಕರ್ಕಂಡು ಬತ್ತೆ, ಲೈನು ಬಿಡ್ಬೇಡಿ" ಎಂದವನೇ ಓಡಿದ.

ರತ್ನಾಗಿರಿಯ ತುದಿಯಲ್ಲಿದ್ದವನು ಶನಿಯಾರನೇ. ಎಂಜಿನ್ ಕೆಟ್ಟು ಅಲೆಯುತ್ತಿದ್ದ ದೋಣಿಯಿಂದ ಮುಂಬಯಿ ಕಡೆ ಸರಕು ಹೊತ್ತು ಹೊರಟ ಮಚ್ವೆ ಹಡಗಿನವರು ಅಣ್ಣತಮ್ಮ ಇಬ್ಬರನ್ನೂ ಎತ್ತಿಕೊಂಡು ಅಲ್ಲಿ ಇಳಿಸಿದ್ದರು. ಊರಿನ ಕಡೆ ಬರುವ ಲಾರಿಯೊಂದು ಹೊರಟು ನಿಂತಿತ್ತು. ಬೆಳಗಿನಿಂದ ಕಾದು ಸಿಕ್ಕ ಲೈನು ಇದು. ಈಗ ಹೋದರೆ ಮತ್ತೆ ಸಿಗುವ ಭರವಸೆಯಿಲ್ಲ.

"ಅಕ್ಕೋರೆ, ಕಮಲಿ ಬರೂತನಕ ಇದನ್ನ ಮೇಜಿನ ಮೇಲೆ ಇಡ್ಲಾ?" ಎಂದು ಕೇಳಿದ ಶನಿಯಾರ. ಫೋನು ಹಿಡಿದದ್ದು ಅವನಿಗೆ ಅದೇ ಮೊದಲು.

"ಇಡ್ಬೇಡಿ, ಇಡ್ಬೇಡಿ! ದನಿ ನಿಂತ್ರೆ ಹುಬ್ಬಳ್ಳಿಯವ್ರು ಲೈನು ಕಿತ್ತೇಬಿಡ್ತಾರೆ. ಹಿಡ್ಕಂಡೇ ಇರಿ, ಮಾತಾಡ್ತಾ ಇರಿ."

"ಯಾರ ಹತ್ರ? ಎಂತ ಮಾತಾಡ್ಲಿ?"

"ನನ್ನ ಹತ್ರ. ಎಂತಾದ್ರೂ ಅಡ್ಡಿಲ್ಲ. ಮೀನಿನ ಹೆಸ್ರು ಹೇಳಿ."

ಶನಿಯಾರ ಗಂಟಲು ಸರಿಮಾಡಿಕೊಂಡ. "ಬಂಗಡೆ. ತಾರ್ಲೆ. ಇಸ್ವಾಣ. ಶೆಟ್ಲಿ..." ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಹೇಳತೊಡಗಿದ. ಒಂದೊಂದರ ನಡುವೆ ಅವಳು ಭಟ್ಕಳಕ್ಕೆ ಚಿಕ್ಕ ರಿಂಗು ಕೊಟ್ಟಳು. ನಾಗಪತಿಯಿಂದ ಚಿಕ್ಕ ರಿಂಗು ತಿರುಗಿ ಬಂತು. ಹುಬ್ಬಳ್ಳಿಯ ಲೈನು ಹಾದುಬರುವ ಕುಮಟೆಯಿಂದ ದುರ್ಗಕ್ಕ ನಡುವೆ ಬಂದು, "ಎಂತದೇ ಇದು, ಮೀನು ಮಾರ್ಕೆಟ್ಟಾ?" ಎಂದಳು. ವಿಷಯ ಕೇಳಿದ ಮೇಲೆ, "ನನ್ನ ಕಡೆಯಿಂದ ಯಾರೂ ಮುಟ್ಟುದಿಲ್ಲ, ನೀ ಚಿಂತೆ ಮಾಡ್ಬೇಡ" ಎಂದು ಸರಿದಳು.

ಹುಬ್ಬಳ್ಳಿಯವರು ಸುಲಭಕ್ಕೆ ಬಿಡಲಿಲ್ಲ. "ಏನ್ರೀ ಹೊನ್ನಾವರ, ಪಾರ್ಟಿ ಬಂದಿಲ್ಲಂದ್ರ ಕ್ಯಾನ್ಸಲ್ ಮಾಡ್ಲಿ? ನಮ್ಗ ಲೈನ್ ಬೇಕ್ರೀ."

"ಬರ್ತಾ ಇದ್ದಾರೆ ಸರ್, ಬಾಗ್ಲಿಗೆ ಬಂದ್ರು."

ಮತ್ತೆ ಕೇಳಿದಾಗ, "ಒಳಗೆ ಬಂದ್ರು ಸರ್." ಇನ್ನೊಮ್ಮೆ ಕೇಳಿದಾಗ ಎಂತ ಹೇಳುವುದೋ ತೋಚದೆ, "ಗಂಡ ಸತ್ತ ಅಂದ್ಕೊಂಡಿದ್ದ ಹೆಂಗಸು ಸರ್" ಎಂದಳು. ಆಮೇಲೆ ಹುಬ್ಬಳ್ಳಿಯವರು ಮತ್ತೆ ಲೈನು ಕೇಳಲಿಲ್ಲ.

ಶನಿಯಾರನ ಹತ್ತಿರ ಮೀನು ಮುಗಿದವು. ಅವನು ಬಲೆಗಳ ಹೆಸರಿಗೆ ಬಂದಿದ್ದ. ಅಷ್ಟರಲ್ಲಿ ಜಾಲಿಯ ಕಡೆ ಧಡಧಡ ಸದ್ದಾಯಿತು. ರಮಾನಂದ ಏದುಸಿರು ಬಿಡುತ್ತ, "ಬಂದ್ಳು, ಬಂದ್ಳು" ಎಂದ.

"ಮಾತಾಡಿ" ಎಂದಳು ಮಹಾಲಕ್ಷ್ಮೀ.

"ಕಮಲೀ..." ಎಂದ ಶನಿಯಾರ. ಜಾಲಿಯ ಕಡೆಯಿಂದ ದನಿಯಿಲ್ಲ. ಅವನೂ ಸುಮ್ಮನಾದ. ಅಷ್ಟು ಹೊತ್ತು ಮಾತಾಡಿದ ಮನುಷ್ಯ, ಬೇಕಾದಾಗ ಬರಿದಾಗಿದ್ದ. ತಂತಿಯಲ್ಲಿ ಸರಸರ ಸದ್ದು ಬಿಟ್ಟರೆ ಏನೂ ಇಲ್ಲ. ಮಹಾಲಕ್ಷ್ಮೀ ಕಿವಿಗೆ ಹೆಡ್‌ಸೆಟ್ ಒತ್ತಿ ಹಿಡಿದಳು. ಒಂದು ತುದಿಯಲ್ಲಿ ಸಣ್ಣಗೆ ಉಸಿರು. ಇನ್ನೊಂದು ತುದಿಯಲ್ಲೂ ಉಸಿರು. ಅವಳು ಭಟ್ಕಳಕ್ಕೆ ರಿಂಗು ಕೊಡಲು ಹೋಗಿ, ಗಂಟೆ ಅವರ ಕಿವಿಗೆ ಬಡಿದೀತೆಂದು ಕೈ ಹಿಂದೆ ತೆಗೆದಳು. ನಾಗಪತಿಯೂ ಕಾರ್ಡು ಮುಟ್ಟಲಿಲ್ಲ.

ಕೊನೆಗೆ ಕಮಲಿ ಕೇಳಿದಳು, "ಊಟ ಆತಾ?"

"ಆತು" ಎಂದ ಶನಿಯಾರ. "ಸೋಮನೂ ಉಂಡ. ನಿಂದು?"

ಆಗ ಅವಳಿಗೆ ಅಳು ಬಂತು. ಮಹಾಲಕ್ಷ್ಮೀ ಹೆಡ್‌ಸೆಟ್ ಕೆಳಗೆ ಜಾರಿಸಿ, ಆ ಇಬ್ಬರನ್ನು ಅವರಷ್ಟಕ್ಕೆ ಬಿಟ್ಟಳು.

ಅಣ್ಣತಮ್ಮ ಲಾರಿ ಹತ್ತಿ ಊರು ಸೇರಿದರು. ಕಮಲಿ ಒಂದು ದಿನ ಇಸ್ವಾಣ ಮೀನು ಹಿಡಿದು ಹೊನ್ನಾವರಕ್ಕೆ ಬಂದು, "ಫೋನಿನ ಅಕ್ಕೋರು ಯಾರು?" ಎಂದು ವಿಚಾರಿಸಿದಳು. ಮುಂದೆ ಎರಡು ಮನೆಯವರಿಗೂ ಹೋಗಿಬರುವ ಬಳಕೆ ಬೆಳೆಯಿತು.

ಎಂಬತ್ತರ ದಶಕದ ಕೊನೆಗೆ ಎಕ್ಸ್‌ಚೇಂಜಿಗೆ ತಾನಾಗಿ ಜೋಡಿಸುವ ಹೊಸ ಯಂತ್ರ ಬಂತು. ಬೋರ್ಡು ಗೋಡೆಗೆ ಒರಗಿತು. ಉಳಿದವರು ವರ್ಗಾವಣೆಯ ಚಿಂತೆಯಲ್ಲಿದ್ದರೆ, ಮಹಾಲಕ್ಷ್ಮೀ ಯಂತ್ರ ಕೂರಿಸಲು ಬಂದ ಇಂಜಿನಿಯರ ಹಿಂದೆ ಹಿಂದೆ ತಿರುಗಿದಳು. ಇದಕ್ಕೆ ಆ ಕಡೆ ಮನುಷ್ಯ ಇದ್ದಾನೆಂದು ಹೇಗೆ ಗೊತ್ತಾಗ್ತದೆ? ರಿಸೀವರ್ ಎತ್ತಿದರೆ ತಂತಿಯಲ್ಲಿ ಸಣ್ಣ ಕರೆಂಟು ಸುತ್ತುತ್ತದೆ, ಅದು ಇರುವ ತನಕ ಇದ್ದಾನೆಂದು ಲೆಕ್ಕ, ಎಂದರು ಅವರು.

"ಹಾಂಗಾದ್ರೆ ಸರ್, ನಮ್ಮ ಉಪ್ಪುಗಾಳಿಗೆ, ಮಳೆಗೆ ಎರಡು ತಂತಿ ನಡುವೆ ತೇವ ಆದ್ರೆ, ಯಾರೂ ಎತ್ತದೆಯೂ ಆ ಕರೆಂಟು ಸುತ್ತುದಿಲ್ವಾ?"

ಇಂಜಿನಿಯರು ಕನ್ನಡಕ ತೆಗೆದು ಸ್ವಲ್ಪ ಯೋಚಿಸಿದರು. "ನಾನೂ ನೋಡಿಲ್ಲ. ನೋಡೇಬಿಡೋಣ ಬನ್ನಿ" ಎಂದರು.

ಮಹಾಲಕ್ಷ್ಮೀ ಒಂದು ಲೋಟ ನೀರಿಗೆ ಉಪ್ಪು ಕದಡಿ ತಂದಳು. ಅಂಗಳದಲ್ಲಿ ಯಾವ ಫೋನಿಗೂ ಸೇರದ ಒಂದು ಜೋಡಿ ತಂತಿಯ ತುದಿಗಳನ್ನು ಇಬ್ಬರೂ ಕುಕ್ಕುರುಗಾಲಿನಲ್ಲಿ ಕೂತು ಆ ಲೋಟದಲ್ಲಿ ಅದ್ದಿದರು. ಒಳಗೆ ಯಂತ್ರದ ಮುಂದೆ ನಿಂತಿದ್ದ ವಿಘ್ನೇಶ್ವರ ಕಿಟಕಿಯಿಂದ ಕೂಗಿದ, "ಸಾಹೇಬ್ರೇ, ಯಾರೋ ರಿಸೀವರ್ ಎತ್ತಿದ್ರು ಅಂತ ತೋರಿಸ್ತಾ ಇದೆ!"

ಇಂಜಿನಿಯರು ನಕ್ಕರು. ಮಹಾಲಕ್ಷ್ಮೀ ತಂತಿ ಮೇಲೆತ್ತಿ ಸೀರೆಯ ಸೆರಗಿಗೆ ಒರೆಸಿ, "ಈಗ ಉಪ್ಪು ಸ್ವಲ್ಪ ಕಡಿಮೆ ಮಾಡಿ ನೋಡೋಣ್ವಾ ಸರ್?" ಎಂದಳು.