ಜೀಬ್ರಾ ಎಂದು ತೆಗೆದ ಬೆನ್ನುಗಳು

ಅಥವಾ ಅದು ಅಷ್ಟಮಿಯ ಮರುದಿನ ಅಲ್ಲವೇನೋ, ಚೌತಿಯ ಹೊತ್ತೂ ಇರಬಹುದು. ಹುಲಿವೇಷದವರು ಉಡುಪಿಯ ಬೀದಿಗಿಳಿದ ದಿನ ಎನ್ನುವುದಷ್ಟೇ ಖಾತ್ರಿ. ಬಿಸಿಲಿತ್ತು ಎಂದು ಬರೆಯಲು ಹೊರಟೆ. ಆದರೆ ಆ ಬಿಸಿಲು ನನ್ನ ನೆನಪಿನದ್ದಲ್ಲ, ಫೋಟೋದಲ್ಲಿರುವುದು.

ಐವತ್ತರ ದಶಕದ ಕೊನೆಯಿರಬೇಕು. ನಮ್ಮಲ್ಲಿ ಇಲ್ಲದ ಪ್ರಾಣಿಗಳನ್ನು ನಮ್ಮ ಬೀದಿಗಳಲ್ಲೇ ಹುಡುಕಿ ಬಾಕ್ಸ್ ಕ್ಯಾಮರಾದಲ್ಲಿ ಹಿಡಿಯುವ ಹುಚ್ಚು ನನಗೆ. ಮಣಿಪಾಲದ ಗುಡ್ಡದಲ್ಲಿ ಜಲ್ಲಿ ಅರೆಯುತ್ತಿದ್ದ ರೋಡ್ ರೋಲರ್ ಘೇಂಡಾಮೃಗವಾಯಿತು. ಕಾರ್ಕಳದ ಬಸ್ಸಿನ ಮೇಲೆ ಕಟ್ಟಿದ್ದ ಏಣಿ ಜಿರಾಫೆ. ಕಾಪುವಿನ ಮರಳಲ್ಲಿ ಮಗುಚಿ ಹಾಕಿದ ದೋಣಿ ತಿಮಿಂಗಿಲ. ಜೀಬ್ರಾ ಮಾತ್ರ ಸಿಕ್ಕಿರಲಿಲ್ಲ.

ಬಣ್ಣ ಒಣಗುವ ತನಕ ವೇಷದವರು ಕೂರುವಂತಿಲ್ಲ, ಒರಗುವಂತಿಲ್ಲ. ಅಡ್ಡ ಕಟ್ಟಿದ ಬಿದಿರು ಹಿಡಿದು ಬಗ್ಗಿ ನಿಂತಿರುತ್ತಾರೆ. ಹಾಗೆ ನಿಂತಿದ್ದ ಮೂವರನ್ನು ಹಿಂದಿನಿಂದ ಒಬ್ಬೊಬ್ಬರನ್ನಾಗಿ ತೆಗೆದೆ. ಕಪ್ಪು ಬಿಳುಪಿನಲ್ಲಿ ಹಳದಿ ಬಿಳಿಚಿಕೊಂಡು ಪಟ್ಟೆಯಷ್ಟೇ ಉಳಿಯುತ್ತದೆಂದು ಲೆಕ್ಕ ಹಾಕಿದ್ದೆ. ಮುಖ ಬಂದರೆ ಮನುಷ್ಯನಾಗಿಬಿಡುತ್ತಾನೆ ಎಂದು ಮುಖಗಳನ್ನು ಹೊರಗೆ ಬಿಟ್ಟೆ.

ಫಿಲ್ಮ್ ತೊಳೆದುಕೊಟ್ಟ ಸ್ಟುಡಿಯೋದವರು ನಕ್ಕರು. “ಎಂತ ಮಾರಾಯ ಇದು? ಊರಿನವರೆಲ್ಲ ಹುಲಿಯ ಮುಖ ನೋಡಿದರೆ ನೀನು ಅಂಡು ನೋಡಿದ್ದಾ?”

ಒಂದೋ ಎರಡೋ ವರ್ಷದ ಮೇಲೆ, ವೇಷದ ದಿನ ನಾನು ಫೋಟೋ ತೆಗೆದದ್ದು ಯಾರಿಂದಲೋ ತಿಳಿದು, ಅದೇ ಸ್ಟುಡಿಯೋಕ್ಕೆ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಆ ಮೂವರಲ್ಲಿ ಒಬ್ಬ ಅವರ ಮಗ. ಚಿಕ್ಕವನಿದ್ದಾಗ ಕಾಯಿಲೆ ಬಿದ್ದವನಿಗೆ ಹುಲಿವೇಷ ಹಾಕಿಸುತ್ತೇನೆಂದು ಅವರೇ ಹರಕೆ ಹೊತ್ತಿದ್ದರು. ಹರಕೆ ತೀರಿಸಿದ ವಾರವೇ ಅವನು ಬೊಂಬಾಯಿಯ ಹೋಟೆಲಿಗೆ ಹೋದ. ಆಮೇಲೆ ಕಾಗದವಿಲ್ಲ. ಮನೆಯಲ್ಲಿ ಅವನದ್ದೊಂದು ಫೋಟೋವೂ ಇಲ್ಲ.

ಮೂರು ಪ್ರತಿಗಳನ್ನೂ ಮೇಜಿನ ಮೇಲೆ ಇಟ್ಟೆ.

“ಮುಖ ಎಲ್ಲಿ ಉಂಟು?”

“ಮುಖ ತೆಗೆಯಲಿಲ್ಲ ಅಮ್ಮ.”

“ಮುಖ ಬಿಟ್ಟು ಮತ್ತೆ ಎಂತ ತೆಗೆದದ್ದು ಮಾರಾಯರೇ?”

ಜೀಬ್ರಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಸ್ಟುಡಿಯೋದವರು ನಡುವೆ ಬಂದರು. “ಹೆತ್ತವರಿಗೆ ಬೆನ್ನು ನೋಡಿದರೆ ಗೊತ್ತಾಗ್ತದೆ ಅಲ್ವಾ ಅಕ್ಕ?”

“ಗೊತ್ತಾಗದೆ ಎಂತ? ನಾನೇ ಎಣ್ಣೆ ಹಚ್ಚಿದ ಬೆನ್ನು. ಆದರೆ ಈ ಬಣ್ಣದ ಅಡಿಯಲ್ಲಿ ಹೇಗೆ ನೋಡುವುದು?”

ಅವರು ಮೂರನ್ನೂ ಬಾಗಿಲಿನ ಬೆಳಕಿಗೆ ಒಯ್ದರು, ತಿರುಗಿ ತಂದರು, ಮತ್ತೆ ಒಯ್ದರು. ಯಾವ ಫೋಟೋದಲ್ಲಿ ಯಾರಿದ್ದಾರೆಂದು ನಾನು ಗುರುತು ಹಾಕಿಕೊಂಡಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ.

ಇಲ್ಲಿಂದ ಮುಂದಿನದು ನನ್ನಲ್ಲಿ ಎರಡು ರೀತಿ ಇದೆ. ಒಂದರಲ್ಲಿ ಅವರು ನಡುವಿನದರ ಮೇಲೆ ಬೆರಳಿಟ್ಟು, “ಇವನೇ” ಎನ್ನುತ್ತಾರೆ. ಇನ್ನೊಂದರಲ್ಲಿ ಅವರು ಸುಮ್ಮನೆ ನನ್ನ ಮುಖ ನೋಡುತ್ತಾರೆ. ಆ ನೋಟ ತಾಳಲಾರದೆ ನಾನೇ ನಡುವಿನದನ್ನು ತೋರಿಸಿ, “ಇವನೇ ಅಮ್ಮ” ಎನ್ನುತ್ತೇನೆ. ಎರಡನ್ನೂ ಬರೆದು ನೋಡಿದ್ದೇನೆ. ಬರೆಯುತ್ತಿರುವಾಗ ಎರಡೂ ನಿಜವೆನಿಸುತ್ತವೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದು ಹೋದದ್ದು ಮಾತ್ರ ಎರಡರಲ್ಲೂ ಒಂದೇ.

ಮಗ ಆಮೇಲೆ ಬಂದನೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಆ ತಾಯಿ ಮನೆಗೆ ಒಯ್ದದ್ದು ಅವರ ಮಗನ ಬೆನ್ನೋ ಬೇರೆಯವನದ್ದೋ, ನನಗೆ ಗೊತ್ತಿಲ್ಲ. ಅದನ್ನು ಆರಿಸಿದ್ದು ಅವರೋ ನಾನೋ ಎಂಬುದೂ ಗೊತ್ತಿಲ್ಲ.